ಐದು ಸಾವಿರವನ್ನು ಎಕರೆಯಿಂದ ಗುಣಿಸಿದ ಪಾಠ

ಬೇವೂರಿನಲ್ಲಿ ಎಂಟನೇ ತರಗತಿಗೆ ನಾನು ಕೊಟ್ಟ ಅಭ್ಯಾಸ ಪಾಠ 'ನೇರ ಅನುಪಾತ'. ಪೆನ್ನು, ಪುಸ್ತಕಗಳ ಬೆಲೆ ಬಿಟ್ಟು, ಕೋವಿಡ್ ಕಾಲದಲ್ಲಿ ರಾಜ್ಯ ಸರ್ಕಾರ ರೈತರಿಗೆ ಕೊಟ್ಟ ಪರಿಹಾರವನ್ನು ಉದಾಹರಣೆಗೆ ಆರಿಸಿಕೊಂಡೆ. ಒಕ್ಕಲುತನದ ಮನೆಯ ಮಕ್ಕಳು, ಲೆಕ್ಕ ಸಲೀಸಾಗಿ ಸಾಗುತ್ತದೆ ಎಂದುಕೊಂಡಿದ್ದೆ.

ಮೊದಲು ವಿಷಯಾಂಶ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಜಾತ್ರೆ, ಮದುವೆ ನಿಂತು ಹೂವು ಗಿಡದಲ್ಲೇ ಬಾಡಿತು. ಕೋಳಿ ಮಾರಾಟ ಕುಸಿದು, ಕೋಳಿ ಆಹಾರಕ್ಕೆ ಹೋಗುವ ಮೆಕ್ಕೆಜೋಳದ ದರ ಕ್ವಿಂಟಲ್‌ಗೆ 1,760 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಅದರಲ್ಲಿ ಹೂವಿಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ 1 ಹೆಕ್ಟೇರ್. ಮುಂದಿನ ವಾರ ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000. ಮೆಕ್ಕೆಜೋಳ ಬೆಳೆದ ರೈತರಿಗೆ ತಲಾ 5,000.

ಆ 'ತಲಾ' ಎಂಬ ಪದವನ್ನೇ ನಾನು ಪಾಠಯೋಜನೆಯಲ್ಲಿ ನುಂಗಿದ್ದೆ. 'ಮುಸುಕಿನ ಜೋಳ 1 ಎಕರೆಗೆ 5,000 ಆದರೆ 4 ಎಕರೆಗೆ ಎಷ್ಟು?' ಎಂದು ಬೋರ್ಡಿನ ಮೇಲೆ ಬರೆದೆ. ತರಗತಿ ಸುಮ್ಮನಿತ್ತು. "ಗೊಂಜಾಳ ಏನ್ರೀ ಸರ?" ಎಂದು ಒಬ್ಬ ಕೇಳಿದ. ಹೌದೆಂದೆ. ಎಲ್ಲರೂ 20,000 ಎಂದರು. ಹಿಂದಿನ ಸಾಲಿನ ಹುಡುಗಿ ಮಾತ್ರ, "ಇಲ್ರೀ ಸರ, ನಮ್ಮದು ನಾಕು ಎಕರೆ, ಬಂದಿದ್ದು ಐದು ಸಾವಿರನ" ಎಂದಳು. ಅವಳದೇ ಸರಿ.

ಪಾಠ ಅಲ್ಲಿಂದ ನನ್ನ ಯೋಜನೆ ಬಿಟ್ಟು ನಡೆಯಿತು. 1 ಎಕರೆಯವನಿಗೆ ಎಕರೆಗೆ 5,000 ಬಿದ್ದರೆ, 5 ಎಕರೆಯವನಿಗೆ 1,000. ಜಮೀನು ಹೆಚ್ಚಿದರೂ ಮೊತ್ತ ಅಲ್ಲಾಡದು, ಹಾಗಾಗಿ ಇದು ನೇರ ಅನುಪಾತವೇ ಅಲ್ಲ. ಹೂವಿನದು ನೇರ ಅನುಪಾತ, ಆದರೆ ಒಂದು ಗೆರೆಯವರೆಗೆ ಮಾತ್ರ. 1 ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ, ಗುಂಟೆಗೆ ಸುಮಾರು 253 ರೂಪಾಯಿ. 30 ಗುಂಟೆ ಸೇವಂತಿಗೆಗೆ 7,590. 5 ಎಕರೆಗೆ? 25,000ಕ್ಕೇ ನಿಲ್ಲುತ್ತದೆ. ನಕ್ಷೆ ಬರೆಸಿದಾಗ ಏರಿ, ಆಮೇಲೆ ಮಲಗಿದ ಗೆರೆ ಬಂತು. ಗಣಿತ ಬೋಧಿಸುವವರಿಗೆ ಇದಕ್ಕಿಂತ ಒಳ್ಳೆಯ ಪ್ರತ್ಯುದಾಹರಣೆ ಸಿಗುವುದು ಕಷ್ಟ.

ಅಷ್ಟರಲ್ಲಿ ಇನ್ನೊಬ್ಬಳು ಎದ್ದಳು. "ನಮಗ ಬರಲೇ ಇಲ್ರೀ. ಹೊಲ ಮುತ್ತ್ಯಾನ ಹೆಸರಿಲೆ ಐತ್ರಿ, ಮುತ್ತ್ಯಾ ತೀರಿಕೊಂಡಾನ್ರಿ."

ನನ್ನ ಬಳಿ ಸೂತ್ರವಿರಲಿಲ್ಲ. ಹಣ ಬೆಳೆ ಸಮೀಕ್ಷೆ ಮತ್ತು ಪಹಣಿಯ ಆಧಾರದ ಮೇಲೆ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವ ಪದ್ಧತಿ. ದಾಖಲೆಯಲ್ಲಿರುವವರು ಬದುಕಿಲ್ಲದಿದ್ದರೆ ಯಾರ ಖಾತೆಗೆ ಹೋಗಬೇಕು? ಲಾವಣಿಗೆ ಹೊಲ ಮಾಡುವವರ ಪಾಡೂ ಹೆಚ್ಚುಕಡಿಮೆ ಇದೇ. ಘಂಟೆ ಹೊಡೆಯಿತು. ಅವಲೋಕನ ಹಾಳೆಯಲ್ಲಿ ಮಾರ್ಗದರ್ಶಕರು 'ಮೌಲ್ಯಮಾಪನ ಹಂತ ಆಗಿಲ್ಲ' ಎಂದು ಬರೆದರು. ಅದೂ ನಿಜ.

ಮರುದಿನ ಅವಳು ಪಹಣಿಯ ಪ್ರತಿ ತಂದಿದ್ದಳು. 9ನೇ ಕಾಲಂನಲ್ಲಿ ಮುತ್ತ್ಯಾನ ಹೆಸರೇ ಇತ್ತು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಕೊಡಬೇಕೆಂದು ಹೇಳಿದೆ. ಲೆಕ್ಕದ ನೋಟಿನ ಕೊನೆಯ ಪುಟದಲ್ಲಿ ಅಪ್ಪನಿಗೆ ತೋರಿಸಲೆಂದು ಬರೆದುಕೊಂಡಳು. 'ವಂಶವೃಕ್ಷ'ದ ಒತ್ತಕ್ಷರ ಸರಿಯೇ ಎಂದು ನನ್ನನ್ನು ಕೇಳಿದಳು.