ಹನ್ನೆರಡು ತಂತಿಗಳ ಹೊರೆ

ಗಿಟಾರ್ ಎಂದೊಡನೆ ನೆನಪಾಗುವುದು ಆರು ತಂತಿಗಳ ವಾದ್ಯ. ಹನ್ನೆರಡು ತಂತಿಗಳ ಗಿಟಾರೂ ಉಂಟು. ಆದರೆ ಅದರಲ್ಲಿ ಹನ್ನೆರಡು ಬೇರೆ ಬೇರೆ ಸ್ವರಗಳಿರುವುದಿಲ್ಲ. ಇರುವುದು ಆರು ಜೋಡಿ ತಂತಿ. ಮೇಲುಸ್ವರದ ಎರಡು ಜೋಡಿಗಳಲ್ಲಿ ಎರಡೂ ತಂತಿಗಳಿಗೆ ಒಂದೇ ಶ್ರುತಿ. ಉಳಿದ ನಾಲ್ಕು ಜೋಡಿಗಳಲ್ಲಿ ದಪ್ಪ ತಂತಿಯ ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ತೆಳು ತಂತಿ ಇರುತ್ತದೆ.

ಒಂದೇ ಶ್ರುತಿಯ ಎರಡು ತಂತಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಂಪಿಸುವುದು ಅಪರೂಪ. ಒಂದು ಸೆಕೆಂಡಿಗೆ 247 ಸಲ, ಇನ್ನೊಂದು 248 ಸಲ ಕಂಪಿಸಿದರೆ ಸೆಕೆಂಡಿಗೊಮ್ಮೆ ನಾದ ಏರಿ ಇಳಿಯುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಬರುವ ವಿಸ್ಪಂದನ ಇದೇ. ಈ ಗಿಟಾರಿನ ತುಂಬುನಾದದ ಗುಟ್ಟಿನಲ್ಲಿ ಇದಕ್ಕೂ ಪಾಲಿದೆ. ನಮ್ಮ ತಂಬೂರಿಯ ನಡುವಿನ ಎರಡು ತಂತಿಗಳನ್ನು ಷಡ್ಜಕ್ಕೆ ಕೂಡಿಸುವವರಿಗೆ ಈ ಅನುಭವ ಹೊಸದಲ್ಲ.

20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಜೆರ್ಸಿ ಸಿಟಿಯ ಆಸ್ಕರ್ ಸ್ಮಿತ್ ಕಂಪನಿ 'ಸ್ಟೆಲ್ಲಾ' ಹೆಸರಿನ ಇಂಥ ಗಿಟಾರ್‌ಗಳನ್ನು ತಯಾರಿಸಿತು. ಬಡವರ ಕೈಗೂ ಎಟುಕುವ ವಾದ್ಯವದು. ಲೆಡ್ ಬೆಲ್ಲಿ ಎಂದೇ ಹೆಸರಾದ ಕರಿಯ ಗಾಯಕ ಹಡ್ಡಿ ಲೆಡ್‌ಬೆಟರ್ ನುಡಿಸಿದ್ದು ಸ್ಟೆಲ್ಲಾವನ್ನೇ. 1933ರಲ್ಲಿ ಲೂಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ ಜಾನ್ ಲೊಮ್ಯಾಕ್ಸ್ ಮತ್ತು ಅವರ ಮಗ ಅಲನ್ ಆತನ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. 1949ರಲ್ಲಿ ಆತ ತೀರಿಕೊಂಡ. ಅಂದಿನ ಅಗ್ಗದ ಗಿಟಾರ್‌ಗಳು ಈಗ ಸಂಗ್ರಾಹಕರ ಪಾಲಿಗೆ ದುಬಾರಿ ವಸ್ತುಗಳು.

ಆದರೆ ಅಟ್ಟದಿಂದ ಇಳಿಸಿದ ಇಂಥ ವಾದ್ಯ ಸಾಮಾನ್ಯವಾಗಿ ನುಡಿಸುವ ಸ್ಥಿತಿಯಲ್ಲಿರುವುದಿಲ್ಲ. ಹನ್ನೆರಡು ಉಕ್ಕಿನ ತಂತಿಗಳನ್ನು ಪೂರ್ತಿ ಶ್ರುತಿಗೆ ಬಿಗಿದರೆ ಒಟ್ಟು ಎಳೆತ 100 ಕಿಲೋಗ್ರಾಂ ಭಾರವನ್ನು ಮೀರುತ್ತದೆ. ಅದನ್ನು ತಾಳಬೇಕಾದುದು ಕೆಲವೇ ಮಿಲಿಮೀಟರ್ ದಪ್ಪದ ಹಲಗೆ. ವರ್ಷಗಳು ಉರುಳಿದಂತೆ ಕತ್ತು ಮುಂದಕ್ಕೆ ಬಾಗುತ್ತದೆ, ಬ್ರಿಜ್ಜಿನ ಹಿಂದೆ ಹಲಗೆ ಉಬ್ಬುತ್ತದೆ, ಒಳಗಿನ ಆಸರೆಪಟ್ಟಿಗಳ ಅಂಟು ಬಿಡುತ್ತದೆ. ತಂತಿಗಳು ಮೆಟ್ಟಿಲುಗಳಿಂದ ಎಷ್ಟು ಎತ್ತರಕ್ಕೆ ಹೋಗುತ್ತವೆಂದರೆ ಬೆರಳಿನಿಂದ ಒತ್ತುವುದೇ ಕಷ್ಟ.

ರಿಪೇರಿಗೆ ಒತ್ತಾಸೆಯಾಗುವುದು ಹಳೆಯ ಕಾಲದ ಸರೇಸು. ಪ್ರಾಣಿಗಳ ಚರ್ಮ, ಎಲುಬುಗಳಿಂದ ಮಾಡಿದ ಈ ಅಂಟು ಬಿಸಿ ಮತ್ತು ತೇವಕ್ಕೆ ಮೆದುವಾಗುತ್ತದೆ. ಕುಶಲಕರ್ಮಿ ಹಬೆ ಹಾಯಿಸಿ ಕತ್ತನ್ನು ಬಿಡಿಸಿ, ಅದರ ಬುಡವನ್ನು ತುಸುವೇ ಕೆತ್ತಿ, ಸರಿಯಾದ ಕೋನದಲ್ಲಿ ಮತ್ತೆ ಕೂಡಿಸುತ್ತಾನೆ. ಸಡಿಲವಾದ ಪಟ್ಟಿಗಳನ್ನು ಪುನಃ ಅಂಟಿಸುತ್ತಾನೆ.

ನಿಜವಾದ ಇಕ್ಕಟ್ಟು ಇಲ್ಲಿಂದ ಮುಂದೆ. ಒಳಗೆ ದಪ್ಪ ಪಟ್ಟಿಗಳನ್ನು ಕೂರಿಸಿದರೆ ವಾದ್ಯ ಗಟ್ಟಿಯಾಗುತ್ತದೆ. ಆದರೆ ಹಲಗೆ ಹಗುರವಾಗಿ ಕಂಪಿಸದು. ಯಾವ ದನಿಗಾಗಿ ರಿಪೇರಿ ಮಾಡಿದ್ದೋ ಆ ದನಿಯೇ ಬದಲಾಗಬಹುದು. ಏನನ್ನೂ ಸೇರಿಸದೆ ಪೂರ್ತಿ ಶ್ರುತಿಗೆ ಬಿಗಿದರೆ ಹಲಗೆ ಮತ್ತೆ ಉಬ್ಬೀತು, ಸೀಳಲೂಬಹುದು. ವಾದ್ಯವನ್ನು ಉಳಿಸಬೇಕೇ, ದನಿಯನ್ನೇ?

ಎರಡನ್ನೂ ಉಳಿಸುವ ದಾರಿಯನ್ನು ಒಂದು ಸರಳ ಸೂತ್ರ ತೋರಿಸುತ್ತದೆ. ಉದ್ದವೂ ದಪ್ಪವೂ ಬದಲಾಗದ ತಂತಿಯಲ್ಲಿ ಎಳೆತವು ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಶ್ರುತಿಯನ್ನು ಎರಡು ಅರ್ಧಸ್ವರದಷ್ಟು ಇಳಿಸಿದರೆ ಆವೃತ್ತಿ ಇಳಿಯುವುದು ಶೇ 11ರಷ್ಟು. ಎಳೆತವೋ ಶೇ 21ರಷ್ಟು! ಅಂದರೆ 100 ಕಿಲೋ ಹೊರೆ 79ಕ್ಕೆ ಇಳಿದಂತೆ. ಮೂಲಶ್ರುತಿ ಬೇಕಾದವರು ಎರಡನೇ ಮೆಟ್ಟಿಲಿಗೆ ಕೇಪೋ ಎಂಬ ಹಿಡಿಕೆ ಹಾಕಿದರಾಯಿತು. ಲೆಡ್ ಬೆಲ್ಲಿಯೂ ತನ್ನ ಗಿಟಾರನ್ನು ವಾಡಿಕೆಗಿಂತ ಸಾಕಷ್ಟು ತಗ್ಗಿನ ಶ್ರುತಿಯಲ್ಲೇ ನುಡಿಸುತ್ತಿದ್ದ.

ಮನೆಯಲ್ಲಿ ಹಳೆಯ ತಂತಿವಾದ್ಯವಿದ್ದು ಮಕ್ಕಳು ಅದಕ್ಕೆ ಆಸೆಪಟ್ಟರೆ, ಮೊದಲ ದಿನವೇ ಬಿರಡೆ ತಿರುಗಿಸಿ ಬಿಗಿಯುವ ಅವಸರ ಬೇಡ. ಹೊಳಪಿಗೆಂದು ದಪ್ಪ ವಾರ್ನಿಷ್ ಬಳಿಯುವುದೂ ಬೇಡ. ಅದು ಹಲಗೆಯ ಕಂಪನವನ್ನು ಕುಗ್ಗಿಸುತ್ತದೆ. ಬಿಸಿಲು, ತೇವಗಳಿಂದ ದೂರವಿಟ್ಟು ಬಲ್ಲವರಿಗೆ ತೋರಿಸುವುದು ಒಳ್ಳೆಯದು. ಹಳೆಯ ಮರಕ್ಕೆ ಎಷ್ಟು ಹೊರೆ ಹೊರಿಸಬಹುದೆಂದು ಲೆಕ್ಕ ಹಾಕಿದ ಮೇಲೆಯೇ ಅದನ್ನು ಹಾಡಿಸಬೇಕು.