ಪಟ್ಟಿಯನ್ನು ಡೇಟಾಬೇಸನ್ನೇ ಕೇಳಿ

2009ರಲ್ಲಿ ಬಂದ ಮೊಂಗೋಡಿಬಿ ಎಂಬ ಡೇಟಾಬೇಸಿನಲ್ಲಿ ಕಲೆಕ್ಷನ್, ಅಂದರೆ ದಾಖಲೆಗಳ ಗುಂಪು, ಹುಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲ ದಾಖಲೆ ಬಂದು ಬಿದ್ದ ಕೂಡಲೇ ಅದು ತಾನಾಗಿ ತಯಾರಾಗುತ್ತದೆ. ‘ಆರ್ಡರ್ಸ್’ ಎನ್ನಬೇಕಾದ ಕಡೆ ಬೆರಳು ತಪ್ಪಿ ‘ಆರ್ಡರ್’ ಎಂದು ಬರೆದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಹೊಸದೊಂದು ಕಲೆಕ್ಷನ್ ಹುಟ್ಟಿ, ಗ್ರಾಹಕರ ದಾಖಲೆಗಳು ಸದ್ದಿಲ್ಲದೆ ಅದರೊಳಗೆ ಸೇರುತ್ತ ಹೋಗುತ್ತವೆ. ಕನ್ನಡದಲ್ಲೇ ಹೆಸರಿಟ್ಟರಂತೂ ತೊಡಕು ಇನ್ನೂ ಸೂಕ್ಷ್ಮ. ‘ಕೋರಿಕೆ’ಯ ‘ಕೋ’ವನ್ನು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆ ಹಾಕಿಯೂ ಬರೆಯಬಹುದು, ‘ಕೊ’ ಬರೆದು ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸಿಗೆ ಅವು ಬೇರೆ ಬೇರೆ ಹೆಸರು. ಆದ್ದರಿಂದ ಪ್ರೋಗ್ರಾಮ್ ಶುರುವಾಗುವಾಗಲೇ ಡೇಟಾಬೇಸಿನಿಂದ ಕಲೆಕ್ಷನ್‌ಗಳ ಪಟ್ಟಿ ತರಿಸಿ, ಇರಬೇಕಾದ ಹೆಸರುಗಳೊಂದಿಗೆ ತಾಳೆ ನೋಡಲೇಬೇಕು. ಪೈಥಾನ್‌ನಲ್ಲಿ ಪಟ್ಟಿ ತರಿಸಲು ಒಂದು ಸಾಲು ಸಾಕು.

ಹೆಸರುಗಳೆಲ್ಲ ನಮ್ಮ ಕೋಡ್‌ನಲ್ಲೇ ಇವೆಯಲ್ಲ, ಮತ್ತೆ ಕೇಳುವುದೇಕೆ ಎನ್ನುವವರಿದ್ದಾರೆ. ಕೋಡ್ ಹೇಳುವುದು ನಮ್ಮ ಉದ್ದೇಶವನ್ನು ಮಾತ್ರ. ಹಳೆಯ ಸ್ಕ್ರಿಪ್ಟು, ಪಕ್ಕದ ತಂಡದ ಸರ್ವಿಸು, ಅವಸರದಲ್ಲಿ ಶೆಲ್‌ನಿಂದ ಕೊಟ್ಟ ಒಂದು ಆದೇಶ ಇವೆಲ್ಲ ಬಿಟ್ಟುಹೋದದ್ದು ಅದರಲ್ಲಿ ಕಾಣುವುದಿಲ್ಲ. ಪಟ್ಟಿ ತರಿಸುವುದು ಭಾರವಾಗುತ್ತದೆ ಎಂಬ ಅಳುಕಿಗೂ ಉತ್ತರವಿದೆ: ಹೆಸರಷ್ಟೇ ಸಾಕು ಎಂದು ಕೇಳಿದರೆ ಕಲೆಕ್ಷನ್‌ಗಳ ಮೇಲೆ ಲಾಕ್ ಹಾಕುವ ಅಗತ್ಯವೇ ಬೀಳದು. ಹೆಸರುಗಳೇ ಸಾವಿರಗಟ್ಟಲೆ ಇದ್ದರೆ ಅದನ್ನಂತೂ ಮೊದಲು ತಿಳಿಯಬೇಕು. ಏಕೆಂದರೆ ದತ್ತಾಂಶವನ್ನು ಡಿಸ್ಕಿಗೆ ಬರೆಯುವ ಮೊಂಗೋಡಿಬಿಯ ವೈರ್ಡ್‌ಟೈಗರ್ ಎಂಜಿನ್ ಪ್ರತಿ ಕಲೆಕ್ಷನ್‌ಗೂ ಪ್ರತಿ ಇಂಡೆಕ್ಸ್‌ಗೂ ಡಿಸ್ಕಿನಲ್ಲಿ ಪ್ರತ್ಯೇಕ ಫೈಲ್ ಇಡುತ್ತದೆ.

ಒಂದು ಆಕ್ಷೇಪವನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಲೆಕ್ಷನ್ ಸೃಷ್ಟಿಸು ಎಂದು ಬರೆಯುವುದು ತಪ್ಪು. ಕೇಳುವುದಕ್ಕೂ ಸೃಷ್ಟಿಸುವುದಕ್ಕೂ ನಡುವೆ ಇನ್ನೊಂದು ಪ್ರೋಗ್ರಾಮ್ ಅದೇ ಹೆಸರಿನದನ್ನು ಸೃಷ್ಟಿಸಿರಬಹುದು. ಪಟ್ಟಿ ಇರುವುದು ತಪಾಸಣೆಗೆ.

ಕೇಳುವ ದಾರಿಯೂ ನೆಟ್ಟಗಿರಬೇಕು. ಹಿಂದೆ ಪಟ್ಟಿಗಾಗಿ ‘ಸಿಸ್ಟಮ್ ನೇಮ್‌ಸ್ಪೇಸಸ್’ ಎಂಬ ಒಳಗಿನ ಕಲೆಕ್ಷನ್ನನ್ನೇ ಓದುತ್ತಿದ್ದರು. 2015ರ 3.0 ಆವೃತ್ತಿಯಲ್ಲಿ ವೈರ್ಡ್‌ಟೈಗರ್ ಬಂದ ಮೇಲೆ, ಅದನ್ನು ಬಳಸಿದ ಕಡೆ ಆ ದಾರಿ ಮುಚ್ಚಿತು. ಪಟ್ಟಿಗೆಂದೇ ‘ಲಿಸ್ಟ್ ಕಲೆಕ್ಷನ್ಸ್’ ಆದೇಶ ಬಂತು. 3.4ರಿಂದ ವ್ಯೂಗಳೂ ಈ ಪಟ್ಟಿಯಲ್ಲಿ ಸೇರಿ ಬರುವುದರಿಂದ ಪ್ರತಿ ಹೆಸರು ಕಲೆಕ್ಷನ್ನೋ ವ್ಯೂವೋ ಎಂಬ ಬಗೆಯನ್ನೂ ನೋಡಬೇಕು. ಇನ್ನು ಅನುಮತಿಯ ವಿಷಯ: ತನಗೆ ಅಧಿಕಾರವಿರುವ ಕಲೆಕ್ಷನ್‌ಗಳಷ್ಟನ್ನೇ ಕೇಳುವ ಖಾತೆಗೆ ಪಟ್ಟಿ ಚೊಕ್ಕಟವಾಗಿಯೇ ಬರುತ್ತದೆ, ದಾರಿ ತಪ್ಪಿದ ‘ಆರ್ಡರ್’ ಮಾತ್ರ ಅದರಲ್ಲಿ ಇರುವುದಿಲ್ಲ. ತಪಾಸಣೆಯ ಖಾತೆಗೆ ಇಡೀ ಡೇಟಾಬೇಸಿನ ಪಟ್ಟಿ ನೋಡುವ ಅನುಮತಿ ಕೊಟ್ಟಿರಬೇಕು.