ನಾಲ್ಕು ಚೌಕಗಳ ಮೂಲೆಯಲ್ಲಿ ಹುನಗುಂದ

ಇಳಕಲ್ಲ ಸೀರೆಯ ಗುಟ್ಟು ಅದರ ಕೊಂಡಿಯಲ್ಲಿದೆ. ಒಡಲಿನ ಹಾಸು ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಎಳೆಯ ಲೆಕ್ಕ ತಪ್ಪಿದರೆ ಸೆರಗು ಒಡಲಿಗೆ ಹೊಂದದು. ಕಂಪ್ಯೂಟರ್ ತೆರೆಯ ಮೇಲೆ ವಿಮಾನ ಹಾರಿಸುವ ಹುಡುಗರಿಗೂ ಇದೇ ಲೆಕ್ಕ ಬೇಕೆಂದರೆ ಅಚ್ಚರಿಯಲ್ಲವೇ?

ಪೈಲಟ್‌ಗಳ ತರಬೇತಿಗೆ ಬಳಸುವ ಸಿಮ್ಯುಲೇಟರ್‌ನ ಮನೆಬಳಕೆಯ ರೂಪಗಳು ಇಂದು ಸಿಗುತ್ತವೆ. ‘ಫ್ಲೈಟ್‌ಗಿಯರ್’ ಎಂಬುದಂತೂ ಉಚಿತ. ಹುಬ್ಬಳ್ಳಿಯಿಂದ ಮೇಲೇರಿ ಈಶಾನ್ಯಕ್ಕೆ ಸುಮಾರು 130 ಕಿ.ಮೀ. ಸಾಗಿದರೆ ಹುನಗುಂದ. ಆದರೆ ಐಹೊಳೆಯ ದುರ್ಗ ಗುಡಿಯೋ ತಮ್ಮೂರ ಶಾಲೆಯೋ ಇದ್ದ ಹಾಗೆಯೇ ಕಾಣಬೇಕಾದರೆ, ಆಸಕ್ತರೇ ಅದನ್ನು ರಚಿಸಿ ಕೂರಿಸಬೇಕಾಗುತ್ತದೆ. ಎಲ್ಲಿ ಕೂರಿಸುವುದು? ಇದಕ್ಕೆ ಉತ್ತರ ಕೊಡುವುದು ಅಕ್ಷಾಂಶ, ರೇಖಾಂಶಗಳ ಚೌಕುಳಿ, ಅಂದರೆ ಗ್ರಿಡ್.

ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ.; ಈ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 107 ಕಿ.ಮೀ. ಡಿಗ್ರಿಗೆ 60 ಮಿನಿಟು, ಮಿನಿಟಿಗೆ 60 ಸೆಕೆಂಡು. ಒಂದೇ ಒಂದು ಸೆಕೆಂಡು ತಪ್ಪಿದರೂ ಗುಡಿ 30 ಮೀಟರ್ ಸರಿದು ಪಕ್ಕದ ಜಾಗದಲ್ಲಿ ನಿಲ್ಲುತ್ತದೆ!

ಹುನಗುಂದದ ಸೀಮೆಗೆ ಇನ್ನೊಂದು ವಿಶೇಷವಿದೆ. 16ನೇ ಅಕ್ಷಾಂಶವೂ 76ನೇ ರೇಖಾಂಶವೂ ಕೂಡುವ ಬಿಂದು ಪಟ್ಟಣದ ನೈಋತ್ಯಕ್ಕೆ, ಸಮೀಪದಲ್ಲೇ ಇದೆ. 2000ದಲ್ಲಿ ಅಮೆರಿಕದ ‘ಎಂಡೆವರ್’ ನೌಕೆ ರೇಡಾರ್‌ನಿಂದ ಅಳೆದ ಭೂಮಿಯ ಏರುತಗ್ಗಿನ ಮಾಹಿತಿಯನ್ನು ಒಂದೊಂದು ಡಿಗ್ರಿಯ ಚೌಕಗಳಾಗಿ ಹಂಚಲಾಗಿದೆ. ಹೀಗಾಗಿ ಹುನಗುಂದ, ಇಳಕಲ್, ಐಹೊಳೆ, ಬಾದಾಮಿ ಈ ನಾಲ್ಕೂ ಬೇರೆ ಬೇರೆ ಚೌಕಗಳಿಗೆ ಸೇರುತ್ತವೆ. ಈ ಸೀಮೆಯನ್ನು ತೆರೆಗೆ ತರುವವರು ನಾಲ್ಕು ತುಂಡುಗಳಿಗೆ ಕೊಂಡಿ ಹಾಕಬೇಕು.

ಕ್ರಮ ಸರಳ. ಉಪಗ್ರಹ ಚಿತ್ರದ ಮೇಲೆ ಪಾರದರ್ಶಕ ಗ್ರಿಡ್ ಹಾಸಿ, ಸ್ಥಾನ ಖಚಿತವಾಗಿ ಗೊತ್ತಿರುವ ನಾಲ್ಕೈದು ಬಿಂದುಗಳನ್ನು ಹೊಂದಿಸಬೇಕು. ಬಿಂದುಗಳು ಒಂದೇ ಕಡೆ ಗುಂಪಾಗಿರದೆ ಮೂಲೆಮೂಲೆಗೆ ಹರಡಿರಲಿ. ರಸ್ತೆಗಳ ಕೂಡುವಿಕೆ, ಕಟ್ಟಡದ ತಳದ ಮೂಲೆ ಉತ್ತಮ. ಎತ್ತರದ ಶಿಖರ ಬೇಡ. ಓರೆಯಾಗಿ ತೆಗೆದ ಚಿತ್ರದಲ್ಲಿ ಅದು ವಾಲಿದಂತೆ ಬಿದ್ದಿರುತ್ತದೆ. ಕೂಡಲಸಂಗಮದ ನೀರಿನ ಅಂಚೂ ಬೇಡ. ನಾರಾಯಣಪುರ ಜಲಾಶಯದ ಹಿನ್ನೀರು ಏರಿಳಿದಂತೆ ಅಂಚು ಸರಿಯುತ್ತದೆ.

ಕೊನೆಗೆ, ಹೊಂದಿಸಲು ಬಳಸದ ಇನ್ನೊಂದು ಬಿಂದುವಿನಿಂದ ಪರೀಕ್ಷಿಸಬೇಕು. ಅದು ತಪ್ಪಿದ್ದರೆ ಗುಡಿಯೊಂದನ್ನೇ ಕೈಯಿಂದ ಎಳೆದು ಸರಿಪಡಿಸುವ ಆಸೆ ಬರುವುದು ಸಹಜ. ಆದರೆ ಹಾಗೆ ಮಾಡಿದರೆ ತಪ್ಪು ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಪಕ್ಕದ ಚೌಕದಲ್ಲಿ ರಸ್ತೆ ತುಂಡಾಗಿ ಕಾಣುತ್ತದೆ. ಬಿಚ್ಚಿ ಮತ್ತೆ ಹೊಂದಿಸುವುದೇ ದಾರಿ. ನಾಳೆ ಪೈಲಟ್ ಆಗಬಯಸುವವರಿಗೆ, ಸರ್ವೆ ಕೆಲಸಕ್ಕೆ ಹೋಗುವವರಿಗೆ ಈ ಶಿಸ್ತೇ ಬಂಡವಾಳ.

ಕಂಪ್ಯೂಟರ್ ಇಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ. ಜಿಲ್ಲೆಯ ನಕ್ಷೆ, ಒಂದು ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್ ಸಾಕು. 16 ಮತ್ತು 76ರ ಗೆರೆ ಎಳೆದು, ತಮ್ಮ ಮನೆ ಯಾವ ಚೌಕದಲ್ಲಿದೆಯೆಂದು ಮಕ್ಕಳು ಹುಡುಕಲಿ. ‘ಬರೀ ವಿಮಾನದಾಟ’ ಎಂದು ಗದರುವ ಮುನ್ನ ತಂದೆತಾಯಿಯರೂ ಒಮ್ಮೆ ಜೊತೆಗೆ ಕೂತು ನೋಡಬಹುದು.